ಒಂಬತ್ತನೇ ಇನ್ನಿಂಗ್ಸಿನ ಹುಲಿ

ಅಬುಧಾಬಿಯ ಬನಿಯಾಸ್‌ನಿಂದ ಹೊರಟ ಬಸ್ಸಿನಲ್ಲಿ ಬೇಸ್‌ಬಾಲ್ ನೋಡಲೆಂದೇ ಹೊರಟವರು ಒಬ್ಬರೂ ಇರಲಿಲ್ಲ. ಕೆಲವರು ಪುಕ್ಕಟೆ ಟೀ ಶರ್ಟಿಗೆ ಬಂದಿದ್ದರು, ಕೆಲವರು ಬಿರಿಯಾನಿ ಪೊಟ್ಟಣಕ್ಕೆ, ಉಳಿದವರು ರಜೆಯ ದಿನ ರೂಮಿನಲ್ಲಿ ಗೋಡೆ ನೋಡಿ ಸಾಕಾಗಿದ್ದಕ್ಕೆ. ಮಸೂದ್ ಬಂದದ್ದು ಹೆಂಡತಿ ಜಸೀಲ ಮನೆಯ ಪರದೆಗಳನ್ನೆಲ್ಲ ಇಳಿಸಿ ತೊಳೆಯುವ ದಿನ ಅದಾಗಿದ್ದರಿಂದ. ಜಯಪಾಲ ಬಂದದ್ದು ಗುರುದತ್ತ ಎಂಬ ಒಬ್ಬ ಮನುಷ್ಯನ ಮುಖ ಬಾಡುವುದನ್ನು ನೋಡಲು. ಅದು ಹೇಗೆ ಬಾಡುತ್ತದೆ, ಯಾವಾಗ ಬಾಡುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಎದುರಿಗೆ ನಿಂತು ತಾಸೆ ಬಾರಿಸಿದರೆ ಏನಾದರೂ ಆದೀತು ಎಂಬ ಒಂದು ಕುರುಡು ನಂಬಿಕೆ, ಅಷ್ಟೇ.

ಪಂದ್ಯ ದುಬೈಯಲ್ಲಿ. ಕ್ರಿಕೆಟ್ ಮೈದಾನಕ್ಕೆ ಕೆಂಪು ಮಣ್ಣು ಸುರಿದು, ಬಿಳಿ ಗೆರೆ ಎಳೆದು, ಬೇಸ್‌ಬಾಲಿಗೆ ಸಜ್ಜು ಮಾಡಿದ್ದರು. ಹೊಸ ಲೀಗಿನ ಆಲ್ ಸ್ಟಾರ್ ಆಟ: ಇದ್ದ ಒಳ್ಳೊಳ್ಳೆಯ ಆಟಗಾರರನ್ನೆಲ್ಲ ಆರಿಸಿ, ಎರಡು ಪಾಲು ಮಾಡಿ, ಒಂದಕ್ಕೆ ದುಬೈ ಎಂದೂ ಇನ್ನೊಂದಕ್ಕೆ ಅಬುಧಾಬಿ ಎಂದೂ ಹೆಸರಿಟ್ಟಿದ್ದರು. ಆಡುವವರು ಡೊಮಿನಿಕನ್ ರಿಪಬ್ಲಿಕ್‌ನವರು, ಜಪಾನಿನವರು, ವೆನೆಜುವೆಲಾದವರು. ನೋಡಲಿಕ್ಕೆ ಜನ ಬೇಕಲ್ಲ? ಆಯೋಜಕರು ಸಂಘಗಳ ಬೆನ್ನು ಹಿಡಿದರು. ನಮ್ಮ ಕರಾವಳಿಯವರ ಸಂಘ ದುಬೈಯಲ್ಲೂ ಒಂದು, ಅಬುಧಾಬಿಯಲ್ಲೂ ಒಂದು ಇತ್ತು. ದುಬೈಯವರಿಗೆ ನೀಲಿ ಅಂಗಿ, ಅಬುಧಾಬಿಯವರಿಗೆ ಕೇಸರಿ ಅಂಗಿ ಹಂಚಿದರು. ಅಂಗಿ ಮೈಮೇಲೆ ಬಿದ್ದದ್ದೇ ತಡ, ಬೇಸ್‌ಬಾಲ್ ಎಂದರೆ ಏನೆಂದು ತಿಳಿಯದ ನೂರಾರು ಮಂದಿ ಹುಟ್ಟಿನಿಂದಲೇ ಒಬ್ಬರಿಗೊಬ್ಬರು ವೈರಿಗಳಂತೆ ಆಡತೊಡಗಿದರು.

ಜಯಪಾಲನ ವೈರ ಮಾತ್ರ ಅಂಗಿಯಿಂದ ಬಂದದ್ದಲ್ಲ.

ಅವನು ದುಬೈಯಲ್ಲಿದ್ದಾಗ ಸತ್ವಾ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ ವಾಸವಾಗಿದ್ದ. ಒಂದೊಂದು ಕೋಣೆಗೆ ಆರಾರು ಜನ. ಹಿಂದಿನ ಅಂಗಳದಲ್ಲಿ, ಒಗೆದ ಬಟ್ಟೆಗಳ ನಡುವೆ, ಅವನು ಹುಲಿವೇಷದ ತಂಡ ಕಟ್ಟಿದ. ಟೈಲರ್ ಆಸ್ವಾಲ್ಡ್, ಗ್ಯಾರೇಜಿನ ಅದ್ದು, ಡೆಲಿವರಿ ಹುಡುಗರು, ಹೀಗೆ ಸಿಕ್ಕಿದವರಿಗೆಲ್ಲ ಹೆಜ್ಜೆ ಕಲಿಸಿದ. ತಾಸೆ ಅವನೇ ಬಾರಿಸುತ್ತಿದ್ದ. ತಂಡಕ್ಕೆ ಹೆಸರು ಬಂದ ಮೇಲೆ ಅಲ್ ನಹ್ದಾದಲ್ಲಿ ಎರಡು ಸೂಪರ್‌ಮಾರ್ಕೆಟ್ ಇಟ್ಟಿದ್ದ ಗುರುದತ್ತ ಸಂಘದ ಅಧ್ಯಕ್ಷನಾಗಿ ಅದನ್ನು ಸಂಘದ ನೆರಳಿಗೆ ತೆಗೆದುಕೊಂಡ. ಅದಕ್ಕೂ ಜಯಪಾಲನ ತಕರಾರಿರಲಿಲ್ಲ. ತಾಯಿ ಅಮ್ಮಣ್ಣಿ ತೀರಿಕೊಂಡಾಗ ಅವನು ಊರಿಗೆ ಹೋಗಿ ಉತ್ತರಕ್ರಿಯೆ ಮುಗಿಸಿ ಬಂದ. ಬಂದವನಿಗೆ ಗುರುದತ್ತ, "ಇದು ದೇವಿಯ ವೇಷ. ತಾಯಿ ಸತ್ತ ವರ್ಷ ನೀನು ತಾಸೆ ಮುಟ್ಟುವುದು ಸರಿಯಲ್ಲ, ಜಯಪಾಲ. ನಾಳೆ ಯಾರಿಗಾದರೂ ಏನಾದರೂ ಆದರೆ?" ಎಂದ. ಜಯಪಾಲ ಒಪ್ಪಿ ವರ್ಷವಿಡೀ ಕೋಲು ಮುಟ್ಟಲಿಲ್ಲ. ವರ್ಷ ಕಳೆದು ಹೋದರೆ ಅವನ ಜಾಗದಲ್ಲಿ ಗುರುದತ್ತನ ತಂಗಿಯ ಮಗ ಕೀರ್ತನ್ ನಿಂತಿದ್ದ. ಆ ಸಲದ ವಾರ್ಷಿಕೋತ್ಸವದಲ್ಲಿ ಗುರುದತ್ತನಿಗೆ ಶಾಲು ಹೊದೆಸಿ, 'ಕೊಲ್ಲಿ ನಾಡಿಗೆ ಹುಲಿವೇಷ ತಂದವರು' ಎಂದು ಮೈಕಿನಲ್ಲಿ ಕರೆದರು. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಜಯಪಾಲನೂ ಚಪ್ಪಾಳೆ ತಟ್ಟಿದ. ಹಾಗೆ ತಟ್ಟಿದ ಕೈಗಳನ್ನು ಅವನು ಇಂದಿಗೂ ಕ್ಷಮಿಸಿಲ್ಲ. ಆಮೇಲೆ ಅಬುಧಾಬಿಯಲ್ಲಿ ಏಸಿ ಡಕ್ಟ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ ಹಿಡಿದು ಬನಿಯಾಸ್‌ಗೆ ಬಂದುಬಿಟ್ಟ.

"ಇದೆಂಥ ಆಟ ಅಂತ ಒಮ್ಮೆ ಹೇಳಿ ಜಯಪಾಲಣ್ಣ," ಎಂದ ಮಸೂದ್, ಸ್ಟೇಡಿಯಂನಲ್ಲಿ ಕೂತ ಮೇಲೆ. ಮಸೂದ್ ಅವನ ಪಕ್ಕದ ಫ್ಲ್ಯಾಟಿನವನು, ಮೊಬೈಲ್ ಅಂಗಡಿಯವನು, ಈಗ ಅಬುಧಾಬಿ ಗುಂಪಿನ ಡೋಲು ಅವನ ಹೆಗಲಲ್ಲಿತ್ತು. "ಬ್ಯಾಟು ನೋಡಿದ್ರೆ ಒನಕೆ. ಓಡುವುದು ನೋಡಿದ್ರೆ ಲಗೋರಿ."

"ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸಿನಲ್ಲಿ ಬೇರೆ ಊರಿನಿಂದ ಬಂದವರು ಮೊದಲು ಬ್ಯಾಟ್ ಮಾಡ್ತಾರೆ, ಅಂದ್ರೆ ನಾವು. ಮೂರು ಔಟಾದ ಮೇಲೆ ಊರಿನವರು. ನಾಲ್ಕು ಬೇಸ್, ಅಂದ್ರೆ ನಾಲ್ಕು ಮೂಲೆ, ಸುತ್ತಿ ಬಂದರೆ ಒಂದು ರನ್."

"ಒಂದಾ! ಅಷ್ಟು ಓಡಿ ಒಂದೇ? ಇದು ಲೇಬರ್ ಕೆಲಸ."

ಆಟದ ಬಗ್ಗೆ ಇಷ್ಟನ್ನು ಜಯಪಾಲನಿಗೆ ಹೇಳಿಕೊಟ್ಟವರು ಅವನ ಸೈಟಿನ ಮ್ಯಾನೇಜರ್, ಬುಸಾನ್ ಊರಿನ ಪಾರ್ಕ್ ಸಾಹೇಬರು. ಕೊರಿಯಾದಲ್ಲಿ ಬೇಸ್‌ಬಾಲಿಗೆ ಡೋಲು ಬಾರಿಸುವ ರೂಢಿ ಇದೆಯಂತೆ. ತಮ್ಮವರು ಬ್ಯಾಟ್ ಮಾಡುವಾಗ ಮಾತ್ರ ಬಾರಿಸಬೇಕು, ಎದುರಾಳಿಗಳ ಸರದಿ ಬಂದಾಗ ಬಾಯಿ ಮುಚ್ಚಿ ಕೂರಬೇಕು. ಇಲ್ಲಿನ ಆಯೋಜಕರೂ ಅದನ್ನೇ ನಿಯಮ ಮಾಡಿದ್ದರು.

ಮೊದಲ ಇನ್ನಿಂಗ್ಸಿನಿಂದಲೇ ಜಯಪಾಲನ ತಾಸೆ ಆ ಮೈದಾನವನ್ನು ಹಿಡಿದು ಅಲುಗಿಸಿತು. ಸೊಂಟಕ್ಕೆ ಕಟ್ಟಿದ ಪುಟ್ಟ ಬಟ್ಟಲಿನಂಥ ವಾದ್ಯ, ಎರಡು ಸಪೂರ ಕೋಲು. ಸದ್ದು ಮಾತ್ರ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಅಬುಧಾಬಿ ತಂಡದಲ್ಲಿ ಒಬ್ಬ ದೈತ್ಯ ಡೊಮಿನಿಕನ್ ಬ್ಯಾಟರ್ ಇದ್ದ. ಅವನು ಬ್ಯಾಟ್ ಎತ್ತಿ ನಿಂತಾಗ ಅವನ ಹಿಮ್ಮಡಿ ತಾಸೆಯ ಪೆಟ್ಟಿಗೆ ಸರಿಯಾಗಿ ನೆಲ ಕುಟ್ಟುವುದನ್ನು ಜಯಪಾಲ ಗಮನಿಸಿದ. ಎರಡನೆಯ ಇನ್ನಿಂಗ್ಸಿನಲ್ಲಿ ಆ ಮನುಷ್ಯ ಹಾಗೆ ಕುಟ್ಟುತ್ತ ಕುಟ್ಟುತ್ತಲೇ ಚೆಂಡನ್ನು ಗೋಡೆಯಾಚೆ ಎತ್ತಿ ಹಾಕಿದ. ಬೇಸ್‌ಗಳಲ್ಲಿ ನಿಂತಿದ್ದ ಇಬ್ಬರೂ ಅವನೂ ಸೇರಿ ಮೂರು ರನ್. ಓಟ ಮುಗಿಸಿ ಬಂದವನು ತಾಸೆಯವನತ್ತ ತಿರುಗಿ ಎದೆಗೆ ಕೈಯಿಟ್ಟ. ಕೇಸರಿ ಅಂಗಿಗಳು ಹುಚ್ಚೆದ್ದು ಕುಣಿದವು.

ಆದರೆ ಜಯಪಾಲನ ಕಣ್ಣು ಎದುರು ಸ್ಟ್ಯಾಂಡಿನಲ್ಲಿತ್ತು. ನೀಲಿ ಅಂಗಿಗಳ ನಡುವೆ ಕೀರ್ತನ್ ತಾಸೆ ಕಟ್ಟಿ ನಿಂತಿದ್ದ. ಗುರುದತ್ತ ಎಲ್ಲೂ ಇರಲಿಲ್ಲ. ಹುಲಿಗಳೂ ಇರಲಿಲ್ಲ.

ಮೂರನೆಯ ಇನ್ನಿಂಗ್ಸಿನ ನಡುವೆ ಅವನು ಮೂತ್ರಕ್ಕೆಂದು ಎದ್ದು ಸ್ಟ್ಯಾಂಡಿನ ಕೆಳಗಿನ ಓಣಿಗೆ ಇಳಿದ. ತಿರುವಿನಲ್ಲಿ ಪೇಂಟಿನ ವಾಸನೆ ಮೂಗಿಗೆ ಹೊಡೆಯಿತು. ಹತ್ತು ಹುಲಿಗಳು ಬ್ಯಾರಿಕೇಡಿನ ಕಬ್ಬಿಣದ ಕಂಬಿ ಹಿಡಿದು ಸಾಲಾಗಿ ನಿಂತಿದ್ದವು. ಬಣ್ಣ ಹಚ್ಚಿದ ಮೇಲೆ ಹುಲಿ ಕೂರುವಂತಿಲ್ಲ. ಕೂತರೆ ಪಟ್ಟೆ ಕಲಸಿ ಹೋಗುತ್ತದೆ. ಬೆಳಗಿನಿಂದ ಹಾಗೇ ನಿಂತವರ ಕಾಲುಗಳು ನಡುಗುತ್ತಿದ್ದವು. ಸಾಲಿನ ತುದಿಯಲ್ಲಿ, ಹೊಟ್ಟೆಯ ಮೇಲೆ ಎಲ್ಲರಿಗಿಂತ ಅಗಲದ ಪಟ್ಟೆ ಬರೆಸಿಕೊಂಡು, ಬಾಲ ಸೊಂಟಕ್ಕೆ ಸುತ್ತಿಕೊಂಡು ನಿಂತವನು ಗುರುದತ್ತ. ಅರುವತ್ತರ ಹತ್ತಿರದ ಮನುಷ್ಯ, ಸ್ವತಃ ವೇಷ ಹಾಕಿದ್ದ.

"ಓಹೋ, ಜಯಪಾಲ! ಮೈ ಬಂದಿದೆಯಲ್ಲ ಮಾರಾಯ. ಅಬುಧಾಬಿ ನೀರು ಹಿಡಿಸ್ತದೆ ನಿನಗೆ."

"ನಿಮಗೆ ಬಣ್ಣ ಹಿಡಿಸ್ತದೆ ಗುರುದತ್ತಣ್ಣ."

"ಮೇಲೆ ಕೇಳಿಸ್ತಿತ್ತು ನಿನ್ನ ತಾಸೆ. ಚೆನ್ನಾಗಿದೆ. ಕೀರ್ತನಿನಷ್ಟು ಬಿರುಸಿಲ್ಲ. ಪ್ರಾಯ ಆಯ್ತಲ್ಲ ನಿನಗೂ."

ಸಾಲಿನ ನಡುವಿನಿಂದ ಒಂದು ಹುಲಿ ಹಲ್ಲು ಕಿರಿಯಿತು. ಬಣ್ಣದೊಳಗಿಂದಲೂ ಜಯಪಾಲ ಗುರುತು ಹಿಡಿದ: ಟೈಲರ್ ಆಸ್ವಾಲ್ಡ್. "ಜಯಪಾಲಣ್ಣ, ನೀವಾದರೂ ಹೇಳಿ ಇವರಿಗೆ. ಈಗಲೇ ಇಳಿದು ಕುಣಿದು ಬಿಡುವ ಅಂತ. ನನ್ನ ಬೆನ್ನು ಉರಿದು ಹೋಗ್ತಾ ಉಂಟು."

"ನೀನು ಸುಮ್ಮನಿರು," ಎಂದ ಗುರುದತ್ತ. "ಪಾಯಸ ಮೊದಲೇ ಬಡಿಸಿದರೆ ಊಟಕ್ಕೆ ಯಾರು ಕೂರ್ತಾರೆ? ನಮ್ಮ ಬ್ಯಾಟಿಂಗಿನ ಯಾವ ಸರದಿಗೆ ಬೇಕಾದರೂ ಇಳಿಯಬಹುದು ಅಂತ ಇವೆಂಟ್ ಕಂಪನಿಯ ಹುಡುಗಿ ಹೇಳಿದಳು. ನಾನು ಕಡೇದೇ ಇರಲಿ ಅಂದೆ. ಕಾನ್ಸುಲೇಟಿನವರು ಬರುವುದೂ ಆಗಲೇ. ದೊಡ್ಡ ಸ್ಕ್ರೀನಿನಲ್ಲಿ ಹೆಸರು ಹಾಕಿ, ಗಲ್ಫಿಗೆ ಹುಲಿವೇಷ ತಂದವರು ಅಂತ ಅನೌನ್ಸ್ ಮಾಡ್ತಾರೆ. ಟೀವಿಯಲ್ಲಿ ಬರ್ತದೆ." ಆಮೇಲೆ ದನಿ ತಗ್ಗಿಸಿ, "ಅಲ್ಲ, ನಿನಗೆ ಈ ಆಟ ಗೊತ್ತುಂಟಂತೆ. ಒಂಬತ್ತನೇದೇ ಅಲ್ಲವಾ ಕಡೇದು?"

"ಒಂಬತ್ತನೇದೇ."

"ಅವರು ಮೊದಲು, ನಾವು ಆಮೇಲೆ. ಅಂದ್ರೆ ಇಡೀ ಆಟದ ಕಡೇ ಬ್ಯಾಟಿಂಗ್ ನಮ್ಮದು."

ಹೌದು ಎನ್ನಲು ಬಾಯಿ ತೆರೆದ ಜಯಪಾಲ ಅರೆಕ್ಷಣ ಹಾಗೇ ನಿಂತ. ಪಾರ್ಕ್ ಸಾಹೇಬರು ಚಹಾದ ಲೋಟ ಹಿಡಿದು ನಗುತ್ತ ಹೇಳಿದ ಒಂದು ಮಾತು ಅವನ ತಲೆಯೊಳಗೆ ಬಂದು ಕೂತಿತು. ಒಂಬತ್ತನೆಯದರಲ್ಲಿ ಹೊರಗಿನವರು ಬ್ಯಾಟ್ ಮಾಡಿ ಮುಗಿಸಿದಾಗ ಊರಿನ ತಂಡವೇ ಮುಂದಿದ್ದರೆ, ಊರಿನವರು ಮತ್ತೆ ಬ್ಯಾಟ್ ಮಾಡುವುದಿಲ್ಲ. ಗೆದ್ದಾಗಿದೆಯಲ್ಲ, ಇನ್ನು ಆಡಿ ಏನು ಮಾಡುವುದು? ಅಲ್ಲಿಗೆ ಆಟ ಮುಗಿಯಿತು, ಎಲ್ಲರೂ ಮನೆಗೆ. ಕ್ರಿಕೆಟ್ ನೋಡಿ ಬೆಳೆದ ಯಾರಿಗೂ ಇದು ಹೊಳೆಯುವ ಮಾತಲ್ಲ. ಜಯಪಾಲನೂ ಆ ದಿನ ಪಾರ್ಕ್ ಸಾಹೇಬರು ತಮಾಷೆ ಮಾಡುತ್ತಿದ್ದಾರೆಂದೇ ತಿಳಿದು ಎರಡೆರಡು ಸಲ ಕೇಳಿದ್ದ.

ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಆಸ್ವಾಲ್ಡ್ ಉರಿಯುವ ಬೆನ್ನನ್ನು ಗೋಡೆಗೆ ತಾಗಿಸಲೂ ಆಗದೆ ಅವನನ್ನೇ ನೋಡುತ್ತಿದ್ದ. ಪಕ್ಕದ ಹುಲಿ, ಗ್ಯಾರೇಜಿನ ಅದ್ದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ನಿಮ್ಮದೇ ಗುರುದತ್ತಣ್ಣ," ಎಂದ ಜಯಪಾಲ. "ಕಡೇದು ನಿಮ್ಮದೇ."

ಮೇಲೆ ಬಂದವನು ಹೊಸ ಮನುಷ್ಯನಾಗಿದ್ದ. ಬೆಳಗಿನಿಂದ ಗುರಿಯಿಲ್ಲದೆ ಅಲೆಯುತ್ತಿದ್ದ ಸಿಟ್ಟಿಗೆ ಈಗ ಕೈಕಾಲು ಬಂದಿದ್ದವು. ಲೆಕ್ಕ ಸುಲಭವಾಗಿತ್ತು: ದುಬೈ ಗೆಲ್ಲಬೇಕು, ಅದೂ ಕೊನೆಯ ಸರದಿಯ ಅಗತ್ಯವೇ ಬೀಳದ ಹಾಗೆ. ಅಂದರೆ ಅಬುಧಾಬಿ ಸೋಲಬೇಕು. ಬೋರ್ಡಿನಲ್ಲಿ ಅಬುಧಾಬಿ ಮೂರು, ದುಬೈ ಒಂದು. ತನ್ನ ತಾಸೆಯಿಂದಲೇ ಬಂದಂತಿದ್ದ ಆ ಮೂರು ಈಗ ತನಗೇ ಅಡ್ಡ ನಿಂತಿತ್ತು.

ದೇವರು ಒಮ್ಮೊಮ್ಮೆ ಕೆಟ್ಟ ಬೇಡಿಕೆಗಳನ್ನೇ ಬೇಗ ಕೇಳಿಸಿಕೊಳ್ಳುತ್ತಾನೆ. ಐದನೆಯದರಲ್ಲಿ ದುಬೈಯವರು ಎರಡು ರನ್ ಮಾಡಿ ಸಮ ಮಾಡಿದರು, ಆರನೆಯದರಲ್ಲಿ ಇನ್ನೆರಡು. ಐದು, ಮೂರು. ನೀಲಿ ಸ್ಟ್ಯಾಂಡು ಭೋರ್ಗರೆಯಿತು. ಕೇಸರಿಯವರು ತಲೆಗೆ ಕೈಹೊತ್ತು ಕೂತರು.

"ನೀವು ಯಾಕೆ ನಗ್ತಾ ಇದ್ದೀರಿ?" ಎಂದ ಮಸೂದ್.

"ಎಲ್ಲಿ ನಗ್ತಾ ಇದ್ದೇನೆ?"

"ಹಲ್ಲು ಕಾಣ್ತಾ ಉಂಟು. ನಮ್ಮ ಮರ್ಯಾದೆ ಹೋಗ್ತಾ ಉಂಟು, ನಿಮ್ಮ ಹಲ್ಲು ಕಾಣ್ತಾ ಉಂಟು."

"ಬಿಸಿಲು ಮಾರಾಯ. ಕಣ್ಣು ಸಣ್ಣ ಮಾಡಿದರೆ ಹಾಗೆ ಕಾಣ್ತದೆ."

"ಬಿಸಿಲು ನಮ್ಮ ಬೆನ್ನಿಗೆ ಉಂಟು," ಎಂದ ಮಸೂದ್. ಡೋಲಿನ ಹಗ್ಗ ಬಿಗಿದ. ಅವನಿಗೆ ಆಟ ಹಿಡಿಸಿಬಿಟ್ಟಿತ್ತು. ಮೊದಲ ಬೇಸ್, ಎರಡನೆಯ ಬೇಸ್ ಎಂದು ಪಕ್ಕದವರಿಗೆ ಪಾಠ ಹೇಳುವಷ್ಟು ಅವನು ಆಗಲೇ ಪಳಗಿದ್ದ. ಡೊಮಿನಿಕನ್ ಬ್ಯಾಟರಿಗೆ 'ನಮ್ಮ ಕರಿಯಣ್ಣ' ಎಂದು ಹೆಸರಿಟ್ಟು, ಅವನ ಸರದಿ ಇನ್ನೆಷ್ಟು ಜನರ ನಂತರ ಎಂದು ಬೆರಳು ಮಡಿಸುತ್ತಿದ್ದ.

ಏಳು, ಎಂಟು ಇನ್ನಿಂಗ್ಸ್‌ಗಳು ರನ್ನಿಲ್ಲದೆ ಕಳೆದವು. ಎಂಟನೆಯದು ಮುಗಿದಾಗ ಎದುರುಗಡೆ ಓಡಾಟ ಶುರುವಾಯಿತು. ಕೀರ್ತನ್ ಮತ್ತು ಡೋಲಿನವರು ಸ್ಟ್ಯಾಂಡಿನ ಬುಡದ ವೇದಿಕೆಗೆ ಇಳಿದರು. ಕಾನ್ಸುಲೇಟಿನವರು ಮುಂದಿನ ಸಾಲಿಗೆ ಬಂದು ಕೂತರು. ವೇದಿಕೆಯ ಪಕ್ಕದ ಸುರಂಗದ ಬಾಯಲ್ಲಿ ಹಳದಿ ಹೊಳೆಯಿತು: ಹತ್ತು ಹುಲಿಗಳು, ಮುಂದೆ ಗುರುದತ್ತ, ತಲೆಗೆ ಹುಲಿಮಂಡೆ ಏರಿಸಿಕೊಂಡು.

ಒಂಬತ್ತನೆಯದರ ಮೊದಲ ಅರ್ಧ. ಅಬುಧಾಬಿಯ ಬ್ಯಾಟಿಂಗ್. ಮೊದಲಿನವನು ಔಟ್. ಎರಡನೆಯವನೂ ಔಟ್. ಇನ್ನೊಂದು ಔಟಾದರೆ ಮುಗಿಯಿತು. ಜಯಪಾಲ ನಿಯಮ ತಪ್ಪದೆ ಬಾರಿಸುತ್ತಿದ್ದ, ಉತ್ಸಾಹವಿಲ್ಲದೆ. ಆದರೆ ಮುಂದಿನ ಇಬ್ಬರು ಹೇಗೋ ಬೇಸ್ ಸೇರಿಕೊಂಡರು. ಮಸೂದ್ ಸೀಟಿನ ಮೇಲೆ ಹತ್ತಿ ನಿಂತ.

"ಕರಿಯಣ್ಣ ಬಂದ! ಜಯಪಾಲಣ್ಣ, ಎತ್ತಿ ಹೊಡೆದರೆ ಮೂರು, ನಾವೇ ಮುಂದೆ! ಯಲ್ಲಾ, ಬಿರುಸು ಬಿರುಸು!"

ದೈತ್ಯ ಬ್ಯಾಟರ್ ಬಂದು ನಿಂತ. ಕೇಸರಿ ಅಂಗಿಗಳು ಎದ್ದು ನಿಂತವು. ಅವನು ತಾಸೆಯವನ ಕಡೆ ಒಮ್ಮೆ ನೋಡಿದ, ಗಲ್ಲ ಎತ್ತಿದ, ಶುರು ಮಾಡು ಎನ್ನುವಂತೆ. ಜಯಪಾಲ ಶುರು ಮಾಡಿದ. ಹಿಮ್ಮಡಿ ನೆಲ ಕುಟ್ಟತೊಡಗಿತು. ಮೊದಲ ಚೆಂಡು ಗೆರೆಯ ಹೊರಗೆ ಹೋಯಿತು, ಎರಡನೆಯದೂ ಹೋಯಿತು. ಇಡೀ ಸ್ಟ್ಯಾಂಡು ತಾಳಕ್ಕೆ ಚಪ್ಪಾಳೆ ಹಾಕುತ್ತಿತ್ತು. ಆ ತಾಳ ತನ್ನ ಎರಡು ಕೋಲುಗಳಿಂದ ಹೊರಟು ನೂರಾರು ಅಂಗೈಗಳನ್ನು ಹಾದು ಆ ಪರದೇಶಿಯ ಹಿಮ್ಮಡಿಗೆ ತಲುಪುತ್ತಿರುವುದು ಜಯಪಾಲನಿಗೆ ಕಾಣುತ್ತಿತ್ತು. ಸತ್ವಾದ ಅಂಗಳ ಬಿಟ್ಟ ಮೇಲೆ ಇಷ್ಟು ಜನ ಅವನ ಕೈಯ ಮಾತು ಕೇಳಿರಲಿಲ್ಲ. ಒಂದು ಗಳಿಗೆ, ಹೊಡೆಯಲಿ, ಎತ್ತಿ ಹೊಡೆಯಲಿ ಎಂದು ಅವನ ಮೈಯೆಲ್ಲ ಬಯಸಿತು.

ಆಗ ಅವನು ಸುರಂಗದ ಬಾಯಿಯತ್ತ ನೋಡಿದ. ಗುರುದತ್ತ ಅಲ್ಲೇ, ಜಯಪಾಲನ ತಾಸೆಗೇ, ಮೆಲ್ಲಗೆ ಹೆಜ್ಜೆ ಹಾಕಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ.

ಪಿಚರ್ ತೋಳು ಹಿಂದಕ್ಕೆ ಒಯ್ದ. ಜಯಪಾಲ ಒಂದು ಪೆಟ್ಟು ನುಂಗಿದ. ಒಂದೇ ಪೆಟ್ಟು. ಬೀಳಬೇಕಾದಲ್ಲಿ ಕೋಲು ಬೀಳಲಿಲ್ಲ, ಅರೆಗಳಿಗೆ ತಡೆದು ಬಿತ್ತು. ಹಿಮ್ಮಡಿ ಗಾಳಿಯಲ್ಲಿ ತಡವರಿಸಿತು. ಬ್ಯಾಟ್ ಬೀಸಿತು. ಚೆಂಡು ಎದ್ದಿತು, ತುಂಬ ಎತ್ತರಕ್ಕೆ ಎದ್ದಿತು, ಮಸೂದ್ ಕಿರುಚಿದ, ಗೋಡೆಯ ಬುಡಕ್ಕೆ ಬೆನ್ನು ಹಚ್ಚಿ ನಿಂತ ದುಬೈಯ ಜಪಾನಿ ಆಟಗಾರ ಕೈಗವಸು ಎತ್ತಿ ಅದನ್ನು ಹಣ್ಣು ಕಿತ್ತಷ್ಟು ಸುಲಭವಾಗಿ ಹಿಡಿದ.

ಮೂರನೆಯ ಔಟ್.

ಕೇಸರಿಯವರು ನಿಟ್ಟುಸಿರಿಟ್ಟು, ಇರಲಿ, ಈಗ ಅವರ ಬ್ಯಾಟಿಂಗ್ ಎಂದು ಕೂತರು. ನೀಲಿಯವರು ಹೋ ಎಂದು ಹುಲಿಗಳನ್ನು ಕರೆದರು. ಕೀರ್ತನ್ ಕೋಲೆತ್ತಿ ಮೊದಲ ಉರುಳಿಕೆ ಬಾರಿಸಿದ. ಗುರುದತ್ತ ಒಂದೇ ನೆಗೆತಕ್ಕೆ ವೇದಿಕೆಗೆ ಬಂದ. ಆದರೆ ಮೈದಾನದಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಆಕಾಶದಿಂದ ಬಣ್ಣದ ಕಾಗದದ ಚೂರು ಉದುರಿತು. ಮೈಕು ಇಂಗ್ಲಿಷಿನಲ್ಲಿಯೂ ಅರಬಿಯಲ್ಲಿಯೂ ದುಬೈ ಗೆದ್ದಿತೆಂದು ಕೂಗಿತು. ಪಾಪದ ಇವೆಂಟ್ ಹುಡುಗಿ ಓಡಿಬಂದು ಎರಡೂ ಕೈ ಅಡ್ಡ ಆಡಿಸಿದಳು. ಅವಳ ಹಿಂದೆಯೇ ನಾಲ್ಕು ಜನ ಬಹುಮಾನ ವಿತರಣೆಯ ಮೇಜನ್ನು ದೂಡಿಕೊಂಡು ಬಂದು ಹುಲಿಗಳ ವೇದಿಕೆಯಲ್ಲೇ ಇಟ್ಟರು. ಗುರುದತ್ತ ಅವಳಿಗೆ ಏನೋ ಹೇಳಿದ, ಸ್ಕ್ರೀನಿನತ್ತ ಕೈ ತೋರಿಸಿದ, ಒಂಬತ್ತು ಎಂದು ಬೆರಳುಗಳನ್ನು ಎತ್ತಿ ಹಿಡಿದ. ಅವಳು ಭುಜ ಹಾರಿಸಿದಳು. ಕಾನ್ಸುಲೇಟಿನವರು ಟ್ರೋಫಿಯತ್ತ ನಡೆದರು.

ಜಯಪಾಲ ಕಣ್ಣು ಕೀಲಿಸಿ ನೋಡಿದ. ಇದಕ್ಕಾಗಿಯೇ ಬಂದದ್ದು. ಆದರೆ ಅಷ್ಟು ದೂರದಿಂದ ಕಂಡದ್ದು ಹಳದಿ, ಕಪ್ಪು, ಬಿಳಿ ಮಾತ್ರ. ಬಣ್ಣದ ಕೆಳಗಿನ ಮುಖ ಬಾಡಿತೋ ಇಲ್ಲವೋ ತಿಳಿಯಲೇ ಇಲ್ಲ.

"ನೀವು ಒಂದು ಪೆಟ್ಟು ಬಿಟ್ಟಿರಿ," ಎಂದ ಮಸೂದ್, ಸೀಟಿನಿಂದ ಇಳಿಯುತ್ತ.

"ಕೈ ಜಾರಿತು."

ಮಸೂದ್ ಅವನ ಕೈಗಳನ್ನೇ ನೋಡಿದ. ಆಮೇಲೆ ಡೋಲು ಹೊತ್ತು ಮೆಟ್ಟಿಲಿಳಿದ.

ಪಾರ್ಕಿಂಗಿನಲ್ಲಿ ಹೊತ್ತು ಮುಳುಗುತ್ತಿತ್ತು. ಬನಿಯಾಸ್ ಬಸ್ಸಿನ ಡ್ರೈವರ್ ಎಂಜಿನ್ ಶುರು ಮಾಡಿ ಏಸಿ ಹಾಕಿ ಕೂತಿದ್ದ. ಆಚೆ ಬದಿಯಲ್ಲಿ ಗುರುದತ್ತನ ಕೂಗು ಕೇಳುತ್ತಿತ್ತು. ಕೀರ್ತನನ್ನು ಎಲ್ಲರೆದುರು ಬೈದಿದ್ದನಂತೆ: ನಿಯಮ ಏನು ಅಂತ ಒಂದು ಮಾತು ಕೇಳಲಿಕ್ಕೆ ನಿನಗೇನು ಧಾಡಿ ಎಂದು. ಹುಡುಗ ರೋಷದಿಂದ ತಾಸೆ ಡೋಲುಗಳನ್ನೆಲ್ಲ ವ್ಯಾನಿಗೆ ತುಂಬಿ ಹೊರಟೇಹೋಗಿದ್ದ.

ಆಸ್ವಾಲ್ಡ್ ಕಾಲೆಳೆಯುತ್ತ ಬಸ್ಸಿನ ಹತ್ತಿರ ಬಂದ. ಬಣ್ಣ ಬೆವರಿಗೆ ಒಡೆದು ಕುತ್ತಿಗೆಯಲ್ಲಿ ಕೆಂಪು ದದ್ದು ಎದ್ದಿತ್ತು.

"ಜಯಪಾಲಣ್ಣ, ನಮಗೆ ಒಂದು ಸುತ್ತು ಬಾರಿಸಿ. ನಿನ್ನೆ ಊದು ಹಾಕಿ ಆಗಿದೆ. ಕುಣಿಯದೆ ನೀರು ಮುಟ್ಟುವ ಹಾಗಿಲ್ಲ."

ವೇಷದ ಹಿಂದಿನ ದಿನ ಧೂಪ ಹಾಕಿ ಹರಕೆ ಹೇಳಿಕೊಳ್ಳುವ ಕ್ರಮವದು. ಹೇಳಿಕೊಂಡ ಮೇಲೆ ಕುಣಿಯಬೇಕು, ತಾಸೆಯವನು ಮುಕ್ತಾಯದ ಪೆಟ್ಟು ಕೊಡಬೇಕು, ಹುಲಿ ನೆಲ ಮುಟ್ಟಿ ಹಣೆಗೊತ್ತಿಕೊಳ್ಳಬೇಕು. ಅಲ್ಲಿಯ ತನಕ ಬಣ್ಣ ತೊಳೆಯಬಾರದು. ಈ ಕ್ರಮವನ್ನು ಅವರಿಗೆಲ್ಲ ಕಲಿಸಿದವನು ಜಯಪಾಲನೇ.

"ನೀನು ಇಗರ್ಜಿಗೆ ಹೋಗುವವನು. ನಿನಗೆಂಥ ಹರಕೆ?"

"ಇಗರ್ಜಿಯದ್ದು ಇಗರ್ಜಿಗೆ. ಇದು ಇದಕ್ಕೆ. ಬಾರಿಸಿ ಅಣ್ಣ, ಸಾಯ್ತೇನೆ ಉರಿಯಲ್ಲಿ."

ಜಯಪಾಲ ತಾಸೆ ಕಟ್ಟಿದ. ಮಸೂದ್ ಡೋಲು ಹಿಡಿದ. ಎರಡು ಬಸ್ಸುಗಳ ನಡುವಿನ ಡಾಂಬರಿನ ಮೇಲೆ ಒಂಬತ್ತು ಹುಲಿಗಳು ಕುಣಿದವು. ನೋವು ಹತ್ತಿದ ಕಾಲುಗಳಾದರೂ ಆ ಪೆಟ್ಟಿಗೆ ಎದ್ದವು. ಅವು ಅವನೇ ತಿದ್ದಿದ ಕಾಲುಗಳು. ಕೀರ್ತನ್ ಎಷ್ಟು ಬಾರಿಸಿದ್ದರೂ ಅವುಗಳೊಳಗೆ ಇದ್ದದ್ದು ಅವನ ತಾಳವೇ. ಬೇಗನೆ ಮುಕ್ತಾಯ ಕೊಟ್ಟ. ಒಂಬತ್ತೂ ಹುಲಿಗಳು ನೆಲ ಮುಟ್ಟಿ ಹಣೆಗೊತ್ತಿಕೊಂಡು, ಎಣ್ಣೆ ಬಾಟಲಿ ಎಲ್ಲಿ, ಹಳೆ ಬಟ್ಟೆ ಎಲ್ಲಿ ಎಂದು ಓಡಿದವು.

ಆಗ ಗುರುದತ್ತ ಬಂದ. ಏನೂ ಕೇಳಲಿಲ್ಲ. ಖಾಲಿಯಾದ ಡಾಂಬರಿನ ನಡುವೆ ಬಂದು ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಕೈಗಳನ್ನು ಪಂಜ ಮಾಡಿ ನಿಂತ. ಇವನು ಬಾರಿಸಿಯೇ ಬಾರಿಸುತ್ತಾನೆ ಎಂಬ ಭರವಸೆಯಿತ್ತು ಆ ನಿಲುವಿನಲ್ಲಿ, ಎರಡು ಸೂಪರ್‌ಮಾರ್ಕೆಟಿನ ಭರವಸೆ.

ಜಯಪಾಲ ಬಾರಿಸಿದ. ಮೊದಲು ನಿಧಾನ. ಆಮೇಲೆ ಮಧ್ಯಮ. ಆಮೇಲೆ ಇಪ್ಪತ್ತರ ಹುಡುಗರಿಗೂ ಉಸಿರು ಕಟ್ಟಿಸುವ ನಡೆ. ತಾಸೆ ನಿಲ್ಲದೆ ಹುಲಿ ನಿಲ್ಲುವಂತಿಲ್ಲ. ಗುರುದತ್ತನ ಹೊಟ್ಟೆ ಕುಲುಕಿತು, ಪಟ್ಟೆಗಳು ಬೆವರಿನಲ್ಲಿ ಕರಗಿ ಒಂದರೊಳಗೊಂದು ಇಳಿದವು. ಬಾಯಿ ತೆರೆದುಕೊಂಡಿತು. ಈಗ ಬಿದ್ದಾನು, ಈಗ ಕೈ ಮುಗಿದಾನು ಎಂದು ಜಯಪಾಲ ಕಾದ. ಗುರುದತ್ತ ಬೀಳಲಿಲ್ಲ. ಅವನು ಚೆನ್ನಾಗಿ ಕುಣಿಯುತ್ತಿದ್ದ. ಜಯಪಾಲನ ಎದೆಗೆ ಚೂರಿ ಇಟ್ಟಂತಾದದ್ದು ಅದೇ: ಆ ಮನುಷ್ಯ ನಿಜವಾಗಿ ಚೆನ್ನಾಗಿ ಕುಣಿಯುತ್ತಿದ್ದ. ಮನೆಗೆ ಹೊರಟವರು ಗುಂಪು ಕಟ್ಟಿದರು. ನೀಲಿ, ಕೇಸರಿ ಬೆರೆತು ನಿಂತು ಫೋನು ಎತ್ತಿ ಹಿಡಿದರು. ಡೊಮಿನಿಕನ್ ಬ್ಯಾಟರನ್ನು ಹೊತ್ತಿದ್ದ ತಂಡದ ಬಸ್ಸು ಕೂಡ ನಿಂತು, ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ಮೈದಾನದಲ್ಲಿ ಸಿಗದ ಎಲ್ಲವೂ ಇಲ್ಲಿ ಗುರುದತ್ತನಿಗೆ ಸಿಗುತ್ತಿತ್ತು, ಕೊಡುತ್ತಿದ್ದದ್ದು ಜಯಪಾಲನ ಕೈ.

"ಫೈವ್ ಮಿನಿಟ್, ಸರ್, ದೆನ್ ಖಲಾಸ್," ಎಂದು ಸೆಕ್ಯುರಿಟಿಯವನು ಬಂದು ಹೇಳಿದ. ಅವನೂ ನೋಡುತ್ತ ನಿಂತ.

ಗುರುದತ್ತ ಬಲಗಾಲು ಎತ್ತಿದ. ಮುಕ್ತಾಯಕ್ಕೆ ಮುಂಚೆ ಎತ್ತುವ ಕಾಲು ಅದು. ಪೆಟ್ಟು ಬೀಳುತ್ತದೆ, ಕಾಲು ಬೀಳುತ್ತದೆ, ಹುಲಿ ಬಾಗುತ್ತದೆ.

ಜಯಪಾಲ ಕೋಲುಗಳನ್ನು ಗಾಳಿಯಲ್ಲೇ ನಿಲ್ಲಿಸಿದ.

ಮಸೂದನ ಡೋಲು ಒಂಟಿಯಾಗಿ ಎರಡು ಸಲ ಗುಡುಗಿ ಸುಮ್ಮನಾಯಿತು. ಒಂದು ಕಾಲಲ್ಲಿ ನಿಂತ ಗುರುದತ್ತ ತೂರಾಡಿದ. ಜನ ಇದೂ ಆಟದ ಭಾಗವೆಂದು ನಕ್ಕರು. ಎತ್ತಿದ ಕಾಲು ಕೊನೆಗೆ ಸದ್ದಿಲ್ಲದೆ ಕೆಳಗೆ ಬಂತು.

"ಮುಕ್ತಾಯ ಕೊಡು," ಎಂದ ಗುರುದತ್ತ, ಉಸಿರು ಸಿಗದೆ.

ಜಯಪಾಲ ಸೊಂಟದ ಪಟ್ಟಿ ಬಿಚ್ಚತೊಡಗಿದ.

"ಜಯಪಾಲ, ಹೀಗೇ ಬಿಡಬೇಡ ಮಾರಾಯ. ಒಂದು ಪೆಟ್ಟು. ನಾನು ತೊಳೆಯಬೇಕಲ್ಲ, ಕೂರಬೇಕಲ್ಲ." ದನಿ ಇಳಿಯಿತು. "ನೀನು ಹೇಳಿದ ಹಾಗೆ ಕೇಳ್ತೇನೆ. ಕೊಡು."

ಈಗ ಹತ್ತಿರದಿಂದ ಮುಖ ಕಾಣುತ್ತಿತ್ತು. ಬಣ್ಣ ಕರಗಿ, ಬರೆದ ಹುಲಿಯ ಬಾಯಿಯ ಕೆಳಗೆ ಮನುಷ್ಯನ ಬಾಯಿ ಬೇರೆಯಾಗಿತ್ತು, ಅದು ಅದುರುತ್ತಿತ್ತು. ಜಯಪಾಲ ಅದನ್ನು ಸಾವಕಾಶವಾಗಿ ನೋಡಿದ.

"ಬಸ್ ಹೊರಡ್ತದೆ ಗುರುದತ್ತಣ್ಣ," ಎಂದ.

ಒಂದು ಕೈಯಲ್ಲಿ ಎಣ್ಣೆಯ ಬಟ್ಟೆ ಹಿಡಿದ ಆಸ್ವಾಲ್ಡ್, "ಕೋಲು ನನಗೆ ಕೊಡಿ ಅಣ್ಣ, ನಾನು ಹೊಡೀತೇನೆ," ಎಂದು ಮುಂದೆ ಬಂದ. ಜಯಪಾಲ ಕೋಲುಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ ಬಸ್ಸು ಹತ್ತಿದ.

ಬಸ್ಸು ಹೆದ್ದಾರಿಗೆ ಬರುವ ತನಕ ಮಸೂದ್ ಪಕ್ಕದಲ್ಲೇ ಕೂತಿದ್ದ. ಗುರುದತ್ತ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಒಳಗೆ ಕೂರಲಾಗದೆ ನಿಂತಿದ್ದನ್ನು ಇಬ್ಬರೂ ಕಿಟಕಿಯಿಂದ ನೋಡಿದ್ದರು.

"ಕರಿಯಣ್ಣನಿಗೆ ತಾಳ ತಪ್ಪಿಸಿದ್ದು ನೀವು ಬೇಕಂತಲೇ," ಎಂದ ಮಸೂದ್.

"ಹೌದು."

"ಅವನು ನಿಮ್ಮನ್ನು ನಂಬಿ ನಿಂತಿದ್ದ. ನಾವೆಲ್ಲ ನಿಂತಿದ್ದೆವು."

ಜಯಪಾಲ ಜೇಬಿನ ಕೋಲುಗಳನ್ನು ಸರಿಮಾಡಿಕೊಂಡ.

"ಸರಿ, ಅದು ಹೋಗಲಿ. ಆ ಮುದುಕನಿಗೆ ಒಂದು ಪೆಟ್ಟು ಕೊಡಬಹುದಿತ್ತಲ್ಲ? ಬೇಡಿದ. ಎಲ್ಲರ ಎದುರು ಬೇಡಿದ. ಇನ್ನೇನು ಬೇಕಿತ್ತು ನಿಮಗೆ?"

"ಕೊಟ್ಟಿದ್ದರೆ ಮುಗೀತಿತ್ತು."

"ಮುಗಿಯಬಾರದಾ?"

ಜಯಪಾಲ ಕಿಟಕಿಯ ಕಡೆ ತಿರುಗಿದ. ಮಸೂದ್ ಎದ್ದು, ಡೋಲನ್ನೂ ಎತ್ತಿಕೊಂಡು, ಹಿಂದಿನ ಸಾಲಿಗೆ ಹೋಗಿ ಕೂತ. ಮುಂದುಗಡೆಯಿಂದ ಸಂಘದ ಕಾರ್ಯದರ್ಶಿ ಉಳಿದ ಬಿರಿಯಾನಿ ಪೊಟ್ಟಣಗಳನ್ನು ಹಂಚುತ್ತ ಬಂದ. ಸೋತ ಬೇಸರದಲ್ಲಿ ಹೆಚ್ಚಿನವರು ಬೇಡವೆಂದು ತಲೆಯಾಡಿಸಿದರು. ಜಯಪಾಲ ಎರಡು ತೆಗೆದುಕೊಂಡ. ತಣ್ಣಗಾಗಿತ್ತು, ಎಣ್ಣೆ ಹೆಪ್ಪುಗಟ್ಟಿತ್ತು, ಆದರೂ ಒಂದು ಅಗುಳೂ ಬಿಡದೆ ಉಂಡ. ಎಷ್ಟೋ ಕಾಲದಿಂದ ಅವನಿಗೆ ಹೀಗೆ ಹಸಿದಿರಲಿಲ್ಲ.